ತಾಳೆ ಬರುವ ತನಕ

ಫೆಬ್ರುವರಿಯ ಸಂಜೆ ಆರು ಗಂಟೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜುಗಳು ಬಿಟ್ಟು ಬಹಳ ಹೊತ್ತಾಗಿದೆ, ಆದರೂ ರಸ್ತೆಬದಿಯ ಸೈಕಲ್ಲು, ಸ್ಕೂಟರುಗಳ ಸಾಲು ಕರಗಿಲ್ಲ. ಒಂದು ಜೆರಾಕ್ಸ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಟ್ಯೂಷನ್ನಿನ ಉದ್ದನೆಯ ಹಾಲ್. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಬೆಂಚಿಗೆ ನಾಲ್ವರಂತೆ ಮೊಣಕೈಗೆ ಮೊಣಕೈ ತಾಗಿಸಿ ಕುಳಿತ ಹುಡುಗ ಹುಡುಗಿಯರು. ದ್ವಿತೀಯ ಪಿಯುಸಿಯ ಕಾಮರ್ಸ್ ಮಕ್ಕಳು: ಕೆಲವರು ಸೆಬಾ, ಕೆಲವರು ಸೀಬಾ, ಉಳಿದವರು ಹೆಬಾ. ವಿಷಯಗಳ ಜೋಡಣೆ ಬೇರೆಬೇರೆಯಾದರೂ ಅಕೌಂಟೆನ್ಸಿ ಎಲ್ಲರಿಗೂ ಒಂದೇ. ಪಾಠದ ಸದ್ದಿಲ್ಲ. ಅಡಿಪಟ್ಟಿ ಇಟ್ಟು ಗೆರೆ ಎಳೆಯುವ ಸದ್ದು, ಕ್ಯಾಲ್ಕುಲೇಟರಿನ ಗುಂಡಿಗಳ ಟಕಟಕ, ಹಾಳೆ ತಿರುವುವ ಸದ್ದು ಇಷ್ಟೇ. ಮಾರ್ಚಿನ ಪರೀಕ್ಷೆ ಹತ್ತಿರ ಬಂದಿದೆ. ಇದು ಲೆಕ್ಕ ಬಿಡಿಸುವ ಹೊತ್ತು.

ಹಲಗೆಯ ಮೇಲೆ ಇಂದಿನ ಲೆಕ್ಕ ಇದೆ. ರಾಮ ಮತ್ತು ಶ್ಯಾಮ ಪಾಲುದಾರರು, ಲಾಭ ಹಂಚಿಕೆ 3:2. ರಾಮನ ಬಂಡವಾಳ 90,000, ಶ್ಯಾಮನದು 60,000, ಸಾಲಿಗರಿಗೆ ಕೊಡಬೇಕಾದದ್ದು 50,000. ಎದುರಿಗೆ ಕಟ್ಟಡ 80,000, ಯಂತ್ರ 40,000, ಬರಬೇಕಾದ ಬಾಕಿ 40,000, ಸರಕು 25,000, ಬ್ಯಾಂಕಿನಲ್ಲಿ 15,000. ಎರಡೂ ಬದಿ ಎರಡು ಲಕ್ಷ. ಈಗ ಸೋಮ ಐದನೇ ಒಂದು ಪಾಲಿಗೆ ಒಳಬರುತ್ತಾನೆ, ಬರುವಾಗ 40,000 ಬಂಡವಾಳವನ್ನೂ ಗುಡ್‌ವಿಲ್‌ನ ತನ್ನ ಪಾಲನ್ನೂ ತರುತ್ತಾನೆ. ಕಟ್ಟಡದ ಬೆಲೆ ಶೇ 20 ಏರಿದೆ, ಯಂತ್ರದ್ದು ಶೇ 10 ಇಳಿದಿದೆ, ಬಾಕಿಯಲ್ಲಿ ಶೇ 5 ಬಾರದೇ ಹೋಗಬಹುದು. ಹಿಂದಿನ ಮೂರು ವರ್ಷಗಳ ಲಾಭ 40,000, 50,000, 60,000; ಅದರ ಸರಾಸರಿಯ ಎರಡರಷ್ಟು ಗುಡ್‌ವಿಲ್. ಹೊಸ ಸಂಸ್ಥೆಯ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್, ತಯಾರಿಸಬೇಕು.

ಕೇಳಲು ಒಣ ಅಂಕಿಗಳ ಪಟ್ಟಿ. ಪೆನ್ನು ಓಡತೊಡಗಿದಂತೆ ಅದರೊಳಗೆ ಒಂದು ಅಂಗಡಿ ಎದ್ದು ನಿಲ್ಲುತ್ತದೆ. ಇಬ್ಬರು ಸೇರಿ ವರ್ಷಗಟ್ಟಲೆ ಗಳಿಸಿದ ಹೆಸರಿಗೆ ಈಗ ಬೆಲೆ ಕಟ್ಟಬೇಕು. ಸರಾಸರಿ 50,000, ಎರಡರಷ್ಟು ಎಂದರೆ ಒಂದು ಲಕ್ಷ. ಸೋಮ ತರಬೇಕಾದದ್ದು 20,000. ಅದು ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಂದರೂ ಅದರ ಹಕ್ಕು ತಮ್ಮ ಪಾಲು ಬಿಟ್ಟುಕೊಟ್ಟವರದು: ರಾಮನಿಗೆ 12,000, ಶ್ಯಾಮನಿಗೆ 8,000. ಕಟ್ಟಡದ ಏರಿಕೆಯೂ ಹೊಸಬ ಬರುವ ಮುಂಚಿನದು, ಹಾಗಾಗಿ ಹಳಬರಿಗೇ ಸಲ್ಲಬೇಕು. 16,000 ಏರಿಕೆಯಲ್ಲಿ ಯಂತ್ರದ ಇಳಿಕೆ 4,000, ಬಾಕಿಯ ಭಯಕ್ಕೆ 2,000 ಕಳೆದರೆ ಉಳಿದ 10,000ದಲ್ಲಿ ಒಬ್ಬನಿಗೆ ಆರು, ಇನ್ನೊಬ್ಬನಿಗೆ ನಾಲ್ಕು ಸಾವಿರ. ಯಾರ ದುಡಿಮೆ ಯಾರಿಗೆ ಸೇರಬೇಕು ಎಂಬ ನ್ಯಾಯ ಪ್ರತಿ ಸಾಲಿನಲ್ಲೂ ತೀರ್ಮಾನವಾಗುತ್ತ ಹೋಗುತ್ತದೆ. ಹದಿನೇಳರ ಮಕ್ಕಳು ಆ ತೀರ್ಮಾನವನ್ನು ತಮ್ಮ ಕೈಯಾರೆ ಬರೆಯುತ್ತಾರೆ.

ಕಿಟಕಿ ಬದಿಯ ಮೂರನೇ ಬೆಂಚಿನ ಹುಡುಗಿ ಕುಂದಗೋಳ ಕಡೆಯ ಹಳ್ಳಿಯವಳು. ಆಕೆಯ ಪೆನ್ನು ನಿಂತಿದೆ. ಎಡಬದಿಯ ಮೊತ್ತ 2,70,000, ಬಲಬದಿಯದು 2,78,000. ಎಂಟು ಸಾವಿರ ಎಲ್ಲಿಂದಲೋ ಬಂದು ಕುಳಿತಿದೆ. ಆಕೆ ರಬ್ಬರು ಕೈಗೆತ್ತಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಹಿಂದೆ ಬಂದು ನಿಂತಿದ್ದಾರೆ. ‘ಅಳಿಸಬ್ಯಾಡವಾ. ಮೊದ್ಲು ಎಂಟು ಸಾವಿರ ಎಲ್ಲೆ ಐತಿ ಹುಡುಕು.’ ಆಕೆ ಹುಡುಕುತ್ತಾಳೆ. ಶ್ಯಾಮನ ಗುಡ್‌ವಿಲ್ 8,000. ಆದರೆ ಅದು ಅವನ ಬಂಡವಾಳಕ್ಕೆ ಸರಿಯಾಗಿಯೇ ಸೇರಿದೆ. ‘ಒಂಬತ್ತರಿಂದ ಭಾಗ ಆಗ್ತೈತೇನು?’ ಇಲ್ಲ. ‘ಹಂಗಾರ ಅಂಕಿ ತಿರುವುಮುರುವು ಆಗಿಲ್ಲ. ಈಗ ಅರ್ಧಾ ಮಾಡು.’ ನಾಲ್ಕು ಸಾವಿರ. ಶ್ಯಾಮನಿಗೆ ಸಂದ ಮರುಮೌಲ್ಯದ ಲಾಭ ನಾಲ್ಕು ಸಾವಿರ. ಬೆರಳಿಟ್ಟು ನೋಡುತ್ತಾಳೆ, ಅದೂ ಸರಿ ಇದೆ. ಬೆರಳು ಬಲಬದಿಗೆ ಸರಿಯುತ್ತದೆ, ಯಂತ್ರದ ಸಾಲಿಗೆ ಬಂದು ನಿಲ್ಲುತ್ತದೆ. ನಲವತ್ತರಿಂದ ನಾಲ್ಕು ಕಳೆಯುವ ಬದಲು ಕೂಡಿಸಿದ್ದಾಳೆ. 36,000 ಇರಬೇಕಾದಲ್ಲಿ 44,000. ಒಂದೇ ಒಂದು ಗೆರೆ ಹೊಡೆದು ತಿದ್ದುತ್ತಾಳೆ. ಎರಡೂ ಬದಿ 2,70,000. ಬಿಗಿಹಿಡಿದಿದ್ದ ಭುಜ ಸಡಿಲಾಗುತ್ತದೆ, ಪಕ್ಕದವಳ ಹಾಳೆಯತ್ತ ಒಂದು ನಗೆ ಹೊರಳುತ್ತದೆ.

ಅರ್ಧ ಮಾಡು, ಒಂಬತ್ತರಿಂದ ಭಾಗಿಸು ಎಂಬ ಮಾತುಗಳ ಹಿಂದೆ ಗಟ್ಟಿ ಗಣಿತವಿದೆ. ಒಂದು ಬದಿಗೆ ಬರೆಯಬೇಕಾದದ್ದನ್ನು ಇನ್ನೊಂದು ಬದಿಗೆ ಬರೆದರೂ, ಕಳೆಯಬೇಕಾದದ್ದನ್ನು ಕೂಡಿಸಿದರೂ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. 540 ಎಂಬುದನ್ನು 450 ಎಂದು ಬರೆದರೆ ವ್ಯತ್ಯಾಸ 90. ಯಾವುದೇ ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ. ಇಂಥ ಸೂತ್ರಗಳು ಇನ್ನೂ ಇವೆ. ಪಾಲುದಾರ ಪ್ರತಿ ತಿಂಗಳ ಮೊದಲ ದಿನ ಸಂಸ್ಥೆಯಿಂದ ಒಂದೇ ಮೊತ್ತ ತೆಗೆದುಕೊಂಡರೆ ಇಡೀ ವರ್ಷದ ಮೊತ್ತಕ್ಕೆ ಆರೂವರೆ ತಿಂಗಳ ಬಡ್ಡಿ, ಕೊನೆಯ ದಿನ ತೆಗೆದರೆ ಐದೂವರೆ ತಿಂಗಳದ್ದು. ಕರಾರುಪತ್ರದಲ್ಲಿ ಏನೂ ಬರೆದಿಲ್ಲವೇ? ಹಾಗಾದರೆ 1932ರ ಪಾಲುದಾರಿಕೆ ಕಾಯ್ದೆ ಹೇಳಿದಂತೆ ಲಾಭ ಸಮಪಾಲು, ಬಂಡವಾಳಕ್ಕೆ ಬಡ್ಡಿ ಇಲ್ಲ, ಪಾಲುದಾರ ಕೊಟ್ಟ ಸಾಲಕ್ಕೆ ಮಾತ್ರ ಶೇ 6. ಇವನ್ನೆಲ್ಲ ಉರು ಹೊಡೆದವರು ಪರೀಕ್ಷೆಯ ಮರುದಿನ ಮರೆಯುತ್ತಾರೆ. ಲೆಕ್ಕದೊಳಗೆ ಕೈಯಿಟ್ಟು ಹುಡುಕಿದವರಿಗೆ ಅವು ಉಳಿಯುತ್ತವೆ.

ಈ ಸೀಮೆಗೆ ಅಭ್ಯಾಸದ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆ ಹುಡುಗಿಯ ಹಳ್ಳಿಯ ಕಡೆಯ ಕುಂದಗೋಳವೇ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ಅವರು ರೈಲು ಹತ್ತಿ ಅಲ್ಲಿಗೆ ಹೋಗಿ ಕಲಿತರು, ಭೀಮಸೇನ ಜೋಶಿ ಅಲ್ಲಿಯೇ ಉಳಿದು ಕಲಿತರು. ಒಂದೇ ಪಲುಕನ್ನು ಗಂಟಲಿಗೆ ಕೂರುವ ತನಕ ತಿರುಗಿ ತಿರುಗಿ ಹಾಡಿಸುವುದು ಅಲ್ಲಿನ ಪಾಠದ ಕ್ರಮವಾಗಿತ್ತು. ಲೆಕ್ಕವೂ ಹಾಗೆಯೇ ಕೈಗೆ ಕೂರಬೇಕು. ಬೇರೆಯವರು ಬಿಡಿಸಿದ್ದನ್ನು ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಬಿಳಿ ಹಾಳೆಯ ಮುಂದೆ ಒಬ್ಬರೇ ಕುಳಿತಾಗ ಮೊದಲ ಖಾತೆಯ ಹೆಸರು ಬರೆಯಲೂ ಕೈ ತಡೆಯುತ್ತದೆ. ಆ ತಡೆ ಎಲ್ಲಿದೆ ಎಂದು ತೋರಿಸಿಕೊಡುವುದು ಅಭ್ಯಾಸ ಮಾತ್ರ.

ಕೊನೆಯ ಬೆಂಚಿನಲ್ಲಿ ಸಿ.ಎ. ಫೌಂಡೇಶನ್ ತಯಾರಿಯ ಮೂವರು ಬೇರೆಯೇ ಲೆಕ್ಕಕ್ಕೆ ಕುಳಿತಿದ್ದಾರೆ. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 40, ಒಟ್ಟಿನಲ್ಲಿ ಶೇ 50 ಬಂದರೆ ಮಾತ್ರ ದಾಟುವ ಪರೀಕ್ಷೆ ಅದು. ಒಂದು ಲಕ್ಷದ ಯಂತ್ರ, ಮೂರು ವರ್ಷ, ವರ್ಷದ ಕೊನೆಗೆ 45,000ದಂತೆ ಆದಾಯ. ಹಣದ ವೆಚ್ಚ ಶೇ 10. ಕೊಳ್ಳಬೇಕೋ ಬೇಡವೋ? ನೇರ ಕೂಡಿದರೆ 1,35,000, ಅಂದರೆ 35,000 ಲಾಭ. ಆದರೆ ಮೂರು ವರ್ಷದ ಆಚೆಯ ರೂಪಾಯಿ ಇಂದಿನ ರೂಪಾಯಿಯಲ್ಲ. ಸಾದಾ ಕ್ಯಾಲ್ಕುಲೇಟರಿನಲ್ಲಿ 1 ಭಾಗಿಸು 1.1 ಎಂದು ಒತ್ತಿ, ಸಮ ಚಿಹ್ನೆಯನ್ನು ಮೂರು ಸಲ ಒತ್ತುತ್ತಾರೆ: 0.909, 0.826, 0.751. ಜಿ.ಟಿ. ಗುಂಡಿ ಒತ್ತಿದರೆ ಮೂರೂ ಸೇರಿ 2.486 ಚಿಲ್ಲರೆ. ಅದನ್ನು 45,000ದಿಂದ ಗುಣಿಸಿದರೆ ಆದಾಯದ ಇಂದಿನ ಬೆಲೆ ಸುಮಾರು 1,11,900. ಲಾಭ 35,000 ಅಲ್ಲ, ಹನ್ನೆರಡು ಸಾವಿರಕ್ಕೂ ಕಡಿಮೆ. ಕೊಳ್ಳಬಹುದು, ಆದರೆ ಅಂಚು ತೆಳು. ವರ್ಷದ ಆದಾಯ 40,000ಕ್ಕೆ ಇಳಿದರೆ? ಮತ್ತೆ ಗುಣಿಸುತ್ತಾರೆ, ಈಗ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ‘ಬ್ಯಾಡ’ ಎಂದು ಮೂವರೂ ಒಟ್ಟಿಗೆ ತಲೆಯಾಡಿಸುತ್ತಾರೆ. ಒಂದೇ ಲೆಕ್ಕವನ್ನು ಅಂಕಿ ಬದಲಿಸಿ ಬದಲಿಸಿ ಮಾಡುವುದರಿಂದ ಈ ಎಚ್ಚರ ಹುಟ್ಟುತ್ತದೆ.

ಹುಬ್ಬಳ್ಳಿ ಹಿಂದಿನಿಂದಲೂ ಲೆಕ್ಕದ ಊರು. ದುರ್ಗದಬೈಲಿನ ಸುತ್ತಲಿನ ಪೇಟೆಗಳಲ್ಲಿ, ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ ಕಿರ್ದಿ, ಖತಾವಣಿಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಕರ್ನಾಟಕದ ವರ್ತಕರು ಒಂದು ಕಾಲಕ್ಕೆ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಮಾಡಿದ ಕಪ್ಪು ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ವೆನಿಸ್‌ನಲ್ಲಿ 1494ರಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಲೂಕಾ ಪಾಚಿಯೋಲಿ ಎಂಬ ಪಾದ್ರಿ ಅಲ್ಲಿನ ವ್ಯಾಪಾರಿಗಳ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದ; ಈ ಮಕ್ಕಳು ಕಲಿಯುತ್ತಿರುವುದೂ ಅದೇ ಪದ್ಧತಿ. ಇಂದು ಜಿಎಸ್‌ಟಿ ಬಿಲ್ಲುಗಳೆಲ್ಲ ಸಾಫ್ಟ್‌ವೇರಿನಲ್ಲಿ ತಾವೇ ಖಾತೆ ಸೇರುತ್ತವೆ. ಹಾಗಿದ್ದ ಮೇಲೆ ಗೆರೆ ಎಳೆದು ಕೈಯಲ್ಲಿ ಬಿಡಿಸುವುದು ಏಕೆ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಯಂತ್ರ ಕೊಟ್ಟ ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ. ತಾಳೆಯಾದದ್ದೆಲ್ಲ ಸರಿಯಲ್ಲ ಎಂಬುದು ಅಭ್ಯಾಸ ಕಲಿಸುವ ದೊಡ್ಡ ಪಾಠ. ಕಟ್ಟಡದ ದುರಸ್ತಿಗೆ ಕೊಟ್ಟ 10,000ವನ್ನು ಕಟ್ಟಡದ ಖಾತೆಗೇ ಬರೆದರೆ ಎರಡು ಬದಿಯೂ ಸರಿಹೋಗುತ್ತವೆ, ಆದರೆ ಲಾಭ 10,000 ಹೆಚ್ಚಾಗಿ ಕಾಣುತ್ತದೆ. ಒಂದು ವ್ಯವಹಾರವನ್ನು ಬರೆಯದೇ ಬಿಟ್ಟರೂ ತಾಳೆಪಟ್ಟಿ ತಕರಾರು ಮಾಡುವುದಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಪತ್ರದಲ್ಲಿ ಒಪ್ಪಿಕೊಂಡದ್ದು ಇಂಥದೇ ಸಂಗತಿಯನ್ನು: ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಅದರ ಬ್ಯಾಲೆನ್ಸ್ ಶೀಟ್ ವರ್ಷ ವರ್ಷವೂ ಎರಡೂ ಬದಿ ಸಮನಾಗಿಯೇ ಅಚ್ಚಾಗುತ್ತಿತ್ತು. ಈ ಟ್ಯೂಷನ್ನಿನ ಮೇಷ್ಟ್ರು ಮೊತ್ತ ಕೂಡಿದೊಡನೆ ಟಿಕ್ ಹಾಕದಿರುವುದು ಇದಕ್ಕೇ. ‘ಬಂತು ಅಂದಿ, ಛಲೋ ಆತು. ಹೆಂಗ ಬಂತು ಹೇಳು’ ಎನ್ನುತ್ತಾರೆ. ಒಂದೊಂದು ಸಾಲಿಗೂ ಕಾರಣ ಹೇಳಿದ ಮೇಲೆಯೇ ಕೆಂಪು ಪೆನ್ನು ತೆರೆದುಕೊಳ್ಳುತ್ತದೆ.

ಎಂಟು ಗಂಟೆಯ ಹೊತ್ತಿಗೆ ಹಲಗೆಯ ಮೇಲೆ ಪಠ್ಯದ ಹೊರಗಿನ ಒಂದು ಲೆಕ್ಕ ಬರುತ್ತದೆ. ಹಳ್ಳಿಯ ಸಂಘದವರಿಗೆ 10,000 ಸಾಲ, ‘ಶೇಕಡಾ ಹನ್ನೆರಡೇ ಬಡ್ಡಿ’, ಹನ್ನೆರಡು ಕಂತು. ಬಡ್ಡಿ 1,200, ತಿಂಗಳಿಗೆ 933 ರೂಪಾಯಿ 33 ಪೈಸೆ. ಹಾಲ್‌ನಲ್ಲಿ ಅರ್ಧ ಜನಕ್ಕೆ ಇದು ಮನೆಯಲ್ಲಿ ಕಂಡ ಅಂಕಿ. ‘ಖರೇ ಬಡ್ಡಿ ಎಷ್ಟು?’ ಎಂದು ಮೇಷ್ಟ್ರು ಕೇಳುತ್ತಾರೆ. ಮೊದಲು ಎಲ್ಲರದೂ ಹನ್ನೆರಡೇ. ಆಮೇಲೆ ತಿಂಗಳ ಪಟ್ಟಿ ಬರೆಯಿಸುತ್ತಾರೆ. ಪ್ರತಿ ಕಂತಿನಲ್ಲೂ ಅಸಲು ಮರಳುತ್ತಿದೆ, ಕೈಯಲ್ಲಿರುವ ಸಾಲ ಕರಗುತ್ತಿದೆ, ಬಡ್ಡಿ ಮಾತ್ರ ಇಡೀ ಹತ್ತು ಸಾವಿರದ ಮೇಲೆಯೇ ನಿಂತಿದೆ. ಬಾಕಿ ಉಳಿದ ಹಣಕ್ಕೆ ತಾಳೆ ಹಾಕಿದರೆ ವರ್ಷಕ್ಕೆ ಶೇ 21ಕ್ಕೂ ಹೆಚ್ಚು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದು ಊರ ಲೇವಾದೇವಿಗಾರ ಕೇಳುವುದು ಶೇ 24. ಎರಡರ ನಡುವೆ ಎಷ್ಟು ಕಡಿಮೆ ದೂರ ಎಂದು ಹುಡುಗಿಯೊಬ್ಬಳು ಬೆರಗಾಗುತ್ತಾಳೆ. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬಾಗಿಲಿಗೆ ಬಂದ ವಸೂಲಿಗಾರನನ್ನು ತಡೆಯಬಹುದು. ಸಹಿ ಹಾಕುವ ಮುಂಚೆ ತಾಯಿಯ ಪಕ್ಕ ಕುಳಿತು ಕಂತಿನ ಪಟ್ಟಿ ಬರೆದು ತೋರಿಸುವ ಕೆಲಸ ಈ ಮಕ್ಕಳದು, ಮತ್ತು ಅದನ್ನು ಮಾಡುವ ಶಕ್ತಿ ಇವರ ಕೈಗೆ ಬರುತ್ತಿದೆ.

ಕಾಮರ್ಸ್ ಎಂದರೆ ವಿಜ್ಞಾನ ಸಿಗದವರ ದಾರಿ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇನ್ನು ನಿಲ್ಲಿಸಬೇಕು. ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಅಢಾವೆ ಪತ್ರಿಕೆಯ ಒಂದು ಸಾಲಿನ ಮೇಲೆ ಪ್ರಶ್ನೆ ಕೇಳಬಲ್ಲವರು, ಅಂಗಡಿಯ ಲಾಭವನ್ನೂ ಗಲ್ಲಾದ ನಗದನ್ನೂ ಬೇರೆ ಮಾಡಿ ನೋಡಬಲ್ಲವರು ಊರಿಗೊಬ್ಬರಿದ್ದರೂ ಎಷ್ಟೋ ಮನೆಗಳು ಉಳಿಯುತ್ತವೆ. ಆ ಶಕ್ತಿ ವಿಡಿಯೊ ನೋಡುವುದರಿಂದಾಗಲಿ, ಗೈಡಿನ ಉತ್ತರ ನಕಲು ಮಾಡುವುದರಿಂದಾಗಲಿ ಬಾರದು. ವಿದ್ಯಾರ್ಥಿಗಳೇ, ಉತ್ತರದ ಪುಟ ಮುಚ್ಚಿಡಿ, ದಿನಕ್ಕೊಂದು ಲೆಕ್ಕವನ್ನು ಪೂರ್ತಿಯಾಗಿ, ಕೈಬರಹದಲ್ಲಿ, ಕೊನೆಯ ಮೊತ್ತದವರೆಗೆ ಬಿಡಿಸಿ. ತಾಳೆ ಬಾರದಿದ್ದರೆ ಹೊಸ ಹಾಳೆಗೆ ಓಡಬೇಡಿ. ಅದೇ ಹಾಳೆಯಲ್ಲಿ ಕಾರಣ ಹುಡುಕಿ. ತಾಳೆ ಬಂದರೆ ಏಕೆ ಬಂತೆಂದು ಪಕ್ಕದವರಿಗೆ ವಿವರಿಸಿ. ಲೆಕ್ಕ ಕಲಿಯಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.