ತಾತನ ಹೃದಯ

ಮಕ್ಕಳೇ, ನಿಮ್ಮ ಕೈಯನ್ನು ಮುಷ್ಟಿ ಮಾಡಿ ನೋಡಿರಿ. ನಿಮ್ಮ ಹೃದಯ ಸುಮಾರು ಅಷ್ಟೇ ದೊಡ್ಡದು. ಅದು ಎದೆಯ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡಿದೆ. ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ದಿನಕ್ಕೆ ಎಷ್ಟಾಯಿತು? ಲೆಕ್ಕ ಹಾಕಿರಿ. ಒಂದು ಲಕ್ಷಕ್ಕೂ ಹೆಚ್ಚು! ನಾವು ಮಲಗಿದರೂ ಅದು ಮಲಗುವುದಿಲ್ಲ. ನಿಮ್ಮ ತಾತನ ಹೃದಯ ಎಷ್ಟು ವರ್ಷಗಳಿಂದ ಹೀಗೆ ದುಡಿಯುತ್ತಿದೆ, ಯೋಚಿಸಿರಿ.

ನಮ್ಮ ಕರ್ನೂಲು ಜಿಲ್ಲೆಯ ಪತ್ತಿಕೊಂಡದ ಹೆಸರು ಚರಿತ್ರೆಯಲ್ಲಿದೆ. 1827ರ ಜುಲೈ 6ರಂದು ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಇಲ್ಲಿಯೇ ಕಾಲರಾ ಬಂದು ತೀರಿಕೊಂಡರು. ಆ ಕಾಲದಲ್ಲಿ ಕಾಲರಾ, ಸಿಡುಬುಗಳಂಥ ಅಂಟುರೋಗಗಳು ಬಂದರೆ ಊರಿಗೆ ಊರೇ ನಡುಗುತ್ತಿತ್ತು. ಶುದ್ಧವಾದ ನೀರು, ಲಸಿಕೆ, ಒಳ್ಳೆಯ ಔಷಧಿಗಳು ಬಂದ ಮೇಲೆ ಜನರ ಆಯುಷ್ಯ ಹೆಚ್ಚಿತು. ಈಗ ಹಿರಿಯರನ್ನು ಹೆಚ್ಚಾಗಿ ಕಾಡುವುದು ಹೃದಯದ ರೋಗ. ಇದು ಅಂಟುರೋಗವಲ್ಲ. ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವ ರೋಗ.

ಅದು ಹೇಗೆ ಬೆಳೆಯುತ್ತದೆ? ಹೊಲದ ಬೋರು ಮೋಟಾರನ್ನು ನೀವು ನೋಡಿದ್ದೀರಿ. ಮೋಟಾರು ನೀರನ್ನು ತಳ್ಳುತ್ತದೆ, ಪೈಪು ನೀರನ್ನು ಒಯ್ಯುತ್ತದೆ. ಪೈಪಿನ ಒಳಗೆ ಬಿಳಿ ಪೊರೆ ಕಟ್ಟಿದರೆ ದಾರಿ ಕಿರಿದಾಗುತ್ತದೆ. ನಮ್ಮ ದೇಹದಲ್ಲಿ ಹೃದಯವೇ ಮೋಟಾರು, ರಕ್ತನಾಳಗಳೇ ಪೈಪುಗಳು. ವಯಸ್ಸಾದಂತೆ ರಕ್ತನಾಳಗಳು ಗಡುಸಾಗುತ್ತವೆ. ಅವುಗಳ ಒಳಗೆ ಕೊಬ್ಬು ಸೇರುತ್ತಾ ಹೋಗುತ್ತದೆ. ಹೃದಯಕ್ಕೇ ರಕ್ತ ಕೊಡುವ ನಾಳ ಒಂದು ದಿನ ಮುಚ್ಚಿಹೋದರೆ ಅದೇ ಹೃದಯಾಘಾತ.

ರಕ್ತವು ನಾಳದ ಗೋಡೆಯನ್ನು ಒತ್ತುವುದೇ ರಕ್ತದೊತ್ತಡ. ಇದನ್ನು ಎಲ್ಲರೂ ಬಿ.ಪಿ. ಎನ್ನುತ್ತಾರೆ. ಅದು 120/80ರ ಹತ್ತಿರ ಇದ್ದರೆ ಒಳ್ಳೆಯದು. ಮತ್ತೆ ಮತ್ತೆ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಬಿ.ಪಿ. ಇದೆ ಎನ್ನುತ್ತಾರೆ. ಬಿ.ಪಿ. ಹೆಚ್ಚಾದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಆದ್ದರಿಂದ "ನನಗೇನೂ ಆಗಿಲ್ಲ" ಎಂದು ಹಿರಿಯರು ಸುಮ್ಮನಿರುತ್ತಾರೆ. ಕೆಲವರು ಸ್ವಲ್ಪ ಹಗುರ ಎನಿಸಿದೊಡನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇದು ದೊಡ್ಡ ತಪ್ಪು. ವೈದ್ಯರು ಹೇಳುವ ತನಕ ಮಾತ್ರೆ ನಿಲ್ಲಿಸಬಾರದು. "ತಾತ, ಇವತ್ತು ಮಾತ್ರೆ ತಗೊಂಡ್ರಾ?" ಎಂದು ದಿನವೂ ಕೇಳುವ ಕೆಲಸ ನಿಮ್ಮದಾಗಲಿ.

ಊಟದ ವಿಷಯಕ್ಕೆ ಬರೋಣ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ, ಪುಂಡಿ ಪಲ್ಯ, ಬೇಳೆ ಇವೆಲ್ಲ ನಮ್ಮ ಸೀಮೆಯ ಊಟ. ಹೃದಯಕ್ಕೂ ಇವು ಹಿತ. ಆದರೆ ಉಪ್ಪಿನ ಮೇಲೆ ಕಣ್ಣಿರಲಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿ ದಿನವೂ ಬೇಡ.

ಬೀಡಿ, ಸಿಗರೇಟು, ಹೊಗೆಸೊಪ್ಪು ಹೃದಯದ ಶತ್ರುಗಳು. ಬೀಡಿಯ ಹೊಗೆ ಸೇದಿದವರಿಗಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತ ನಿಮಗೂ ಕೆಡುಕು. ಹಿರಿಯರು ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆದರೆ ಒಳ್ಳೆಯದು. ಅವರ ಕೈ ಹಿಡಿದು ನೀವೂ ನಡೆಯಿರಿ. ನಡೆಯುವಾಗ ಎದೆ ನೋವು ಅಥವಾ ಏದುಸಿರು ಬಂದರೆ ನಿಲ್ಲಬೇಕು, ವೈದ್ಯರಿಗೆ ತಿಳಿಸಬೇಕು.

ಈಗ ಮುಖ್ಯವಾದ ಮಾತು. ನಮ್ಮ ಕಡೆ ಮಳೆ ಕಡಿಮೆ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ವಲಸೆ ಹೋಗುತ್ತಾರೆ. ಆಗ ಮನೆಯಲ್ಲಿ ಉಳಿಯುವವರು ತಾತ, ಅಜ್ಜಿ ಮತ್ತು ನೀವು. ಒಂದು ಬೆಳಿಗ್ಗೆ ತಾತ ಎದೆ ಹಿಡಿದುಕೊಂಡು ಕುಳಿತರು ಎಂದುಕೊಳ್ಳಿ. ಎದೆಯ ನಡುವೆ ಕಲ್ಲು ಇಟ್ಟಂತೆ ಭಾರ. ನೋವು ಎಡಗೈಗೆ, ಕುತ್ತಿಗೆಗೆ, ದವಡೆಗೆ ಹರಿಯುತ್ತಿದೆ. ಮೈಯೆಲ್ಲ ತಣ್ಣನೆಯ ಬೆವರು. "ಗ್ಯಾಸ್ ಇರಬೇಕು, ಸೋಡಾ ತಾ" ಎನ್ನುತ್ತಾರೆ. ನೀವು ಸೋಡಾ ತರಲು ಓಡಬೇಡಿ. ಅವರನ್ನು ಒರಗಿಸಿ ಕೂರಿಸಿರಿ, ನಡೆಸಬೇಡಿ. ಪಕ್ಕದ ಮನೆಯವರನ್ನು ಕೂಗಿರಿ. ಕೂಡಲೇ 108ಕ್ಕೆ ಫೋನು ಮಾಡಿ, ಊರಿನ ಹೆಸರು ಮತ್ತು ಮನೆಯ ಗುರುತು ಹೇಳಿರಿ. ಆಂಧ್ರಪ್ರದೇಶದಲ್ಲಿ 2005ರಲ್ಲಿ ಆರಂಭವಾದ ಈ ಆಂಬುಲೆನ್ಸ್ ಸೇವೆಗೆ ಹಣ ಕೊಡಬೇಕಾಗಿಲ್ಲ. ಅಜ್ಜಿಯರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ಸಲ ಎದೆ ನೋವು ಹೆಚ್ಚು ಇರುವುದಿಲ್ಲ. ಬರೀ ಉಸಿರುಕಟ್ಟು, ವಾಕರಿಕೆ, ವಿಪರೀತ ಸುಸ್ತು ಇರಬಹುದು. ಆಗಲೂ ತಡ ಮಾಡಬಾರದು.

ತಾತ, ಅಜ್ಜಿ ನಿಮ್ಮನ್ನು ಎತ್ತಿ ಆಡಿಸಿದವರು. ಅವರ ಹೃದಯವನ್ನು ಕಾಯುವ ಕೆಲಸದಲ್ಲಿ ನಿಮಗೂ ಒಂದು ಪಾಲಿದೆ.

ಪದಗಳ ಅರ್ಥ
ಗಡುಸು = ಗಟ್ಟಿ, ಬಿರುಸು
ಹಿತ = ಒಳ್ಳೆಯದು
ವಲಸೆ = ಕೆಲಸಕ್ಕಾಗಿ ಬೇರೆ ಊರಿಗೆ ಹೋಗುವುದು

ಪ್ರಶ್ನೆಗಳು
1. ಹೃದಯಾಘಾತ ಎಂದರೇನು?
2. ಬಿ.ಪಿ. ಮಾತ್ರೆಯನ್ನು ನಾವಾಗಿಯೇ ಏಕೆ ನಿಲ್ಲಿಸಬಾರದು?
3. ಎದೆ ನೋವು ಬಂದವರಿಗೆ ನೀವು ಏನೇನು ಮಾಡುವಿರಿ? ಕ್ರಮವಾಗಿ ಬರೆಯಿರಿ.

ಮಾಡಿ ನೋಡಿರಿ
1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಬಡಿತ ಕೇಳಿದರು. ಅದರಿಂದಲೇ ಸ್ಟೆತಸ್ಕೋಪು ಹುಟ್ಟಿತು. ನೀವೂ ಕಾಗದದ ಸುರುಳಿ ಮಾಡಿ ತಾತನ ಎದೆಬಡಿತ ಕೇಳಿರಿ. ಒಂದು ನಿಮಿಷಕ್ಕೆ ಎಷ್ಟು ಬಡಿತ? ಎಣಿಸಿ ಬರೆಯಿರಿ.