ಪದರಮುದ್ರಣವೂ ಲೇಸರ್ ಕಿರಣವೂ

ವಸ್ತುವಿಗೆ ರೂಪ ಕೊಡಲು ಪೂರ್ವಿಕರು ಮೂರು ಮಾರ್ಗಗಳನ್ನು ಅರಿತಿದ್ದರು. ಬೇಡವಾದುದನ್ನು ಕಡೆದು ತೆಗೆಯುವುದು ಮೊದಲನೆಯದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠಿತವಾದ, 35 ಅಡಿ ಎತ್ತರದ ಬಾಹುಬಲಿಯ ಏಕಶಿಲಾಮೂರ್ತಿ ಇದಕ್ಕೆ ನಿದರ್ಶನ. ಎರಕ ಹೊಯ್ಯುವುದು ಎರಡನೆಯದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥ ಸ್ವಾಮಿಯ ಪಂಚಲೋಹದ ಬಿಂಬವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಖದಿಂದ ವಸ್ತುವಿನ ಗುಣವನ್ನೇ ಬದಲಿಸುವುದು ಮೂರನೆಯದು. ಬಂಟ್ವಾಳದ ಹಳೆಯ ಮನೆಗಳ ಮಾಡಿನ ಹೆಂಚು ಮೊದಲು ನೀರಿಗೆ ಕರಗುವ ಜೇಡಿಮಣ್ಣೇ ಆಗಿತ್ತು. ಬೆಂಕಿಯಲ್ಲಿ ಬೆಂದ ಬಳಿಕ ಮಳೆಗಾಲವನ್ನು ತಡೆಯುವ ಶಕ್ತಿಯನ್ನು ಪಡೆಯಿತು.

ಈಗಿನ ಯಂತ್ರವಿದ್ಯೆ ಇವುಗಳಿಗೆ ಇನ್ನೊಂದನ್ನು ಸೇರಿಸಿದೆ. ಗೆದ್ದಲು ಹುತ್ತವನ್ನು ಕಟ್ಟುವಂತೆ ಪದರದ ಮೇಲೆ ಪದರವನ್ನಿಟ್ಟು ವಸ್ತುವನ್ನು ಬೆಳೆಸುವ ಈ ಕ್ರಮಕ್ಕೆ ತ್ರೀ-ಡಿ ಮುದ್ರಣವೆಂದು ಹೆಸರು. ಅಮೆರಿಕದ ಚಾರ್ಲ್ಸ್ ಹಲ್ ಎಂಬವರು ಇದರ ಒಂದು ವಿಧಾನಕ್ಕೆ 1984ರಲ್ಲಿ ಪೇಟೆಂಟ್ ಕೋರಿದರು. ಅದಕ್ಕೂ ಮೊದಲೇ, 1960ರಲ್ಲಿ, ಥಿಯೊಡೋರ್ ಮೈಮನ್ ಪ್ರಥಮ ಲೇಸರನ್ನು ಬೆಳಗಿಸಿದ್ದರು. ಚದುರದೆ ಸಾಗುವ ಈ ಬೆಳಕನ್ನು ಸೂಜಿಯ ಮೊನೆಯಷ್ಟು ಜಾಗದಲ್ಲಿ ನೆಲೆಗೊಳಿಸಿದರೆ ಲೋಹವೂ ಕರಗುತ್ತದೆ.

ಇವೆರಡೂ ಕೂಡಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯುಂಟು. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಇಸ್ರೋ ಹೊಸದಾಗಿ ವಿನ್ಯಾಸಗೊಳಿಸಿತು. ಬೆಂಗಳೂರಿನ ವಿಪ್ರೋ ತ್ರೀ-ಡಿ ಸಂಸ್ಥೆ ಲೋಹದ ಪುಡಿಯನ್ನು ಪದರಪದರವಾಗಿ ಲೇಸರಿನಿಂದ ಬೆಸೆದು ಅದನ್ನು ನಿರ್ಮಿಸಿತು. 14 ಬಿಡಿಭಾಗಗಳು ಒಂದೇ ಆದವು. 19 ಬೆಸುಗೆಗಳು ಇಲ್ಲವಾದವು. 565 ಕಿಲೋಗ್ರಾಂ ಲೋಹ ಬೇಕಾಗಿದ್ದಲ್ಲಿ 13.7 ಕಿಲೋಗ್ರಾಂ ಪುಡಿ ಸಾಕಾಯಿತು. 2024ರ ಮೇ 9ರಂದು ಈ ಎಂಜಿನು 665 ಸೆಕೆಂಡುಗಳ ಕಾಲ ಉರಿದು ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು.

ಆದರೆ ಅಲ್ಲಿ ಪದರಗಳೆಲ್ಲ ಒಂದೇ ಬಗೆಯ ಲೋಹದವು. ಸ್ಪರ್ಶವನ್ನೋ ಶಾಖವನ್ನೋ ಗ್ರಹಿಸುವ ಉಪಕರಣಕ್ಕೆ ವಿದ್ಯುತ್ತನ್ನು ತಡೆಯುವ ಒಡಲೂ ಬೇಕು, ಹರಿಸುವ ನರವೂ ಬೇಕು. ಇದಕ್ಕೊಂದು ದಾರಿ 2014ರಲ್ಲಿ ತೆರೆಯಿತು. ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಮೇಲೆ ಲೇಸರ್ ಹಾಯಿಸಿದರೆ, ಕಿರಣ ತಾಗಿದಷ್ಟು ಭಾಗ ವಿದ್ಯುದ್ವಾಹಕವಾದ ಗ್ರಾಫೀನ್ ಎಂಬ ಇಂಗಾಲವಾಗುವುದನ್ನು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಮುದ್ರಣಯಂತ್ರ ಒಡಲನ್ನು ಕಟ್ಟುತ್ತದೆ. ಕಿರಣ ಅದರ ಮೈಮೇಲೆ ತಂತಿಯನ್ನು ಬರೆಯುತ್ತದೆ. ಹೀಗೆ ಬರೆದ ಗೆರೆ ಬಾಗಿದಾಗ ಅದರ ವಿದ್ಯುತ್‌ರೋಧ ಬದಲಾಗುವುದರಿಂದ ಬಾಗನ್ನು ಅಳೆಯಲೂ ಬರುತ್ತದೆ. ಕಿರಣದ ಬಲವನ್ನು ಹೆಚ್ಚಿಸಿದರೆ ಅದೇ ಉಳಿಯಾಗಿ ಕೊರೆಯುತ್ತದೆ. ಕಡೆಯುವುದು, ಕಟ್ಟುವುದು, ಬೇಯಿಸುವುದು ಮೂರೂ ಒಂದೇ ಪೀಠದಲ್ಲಿ ನಡೆದಂತಾಯಿತು.

ಕಷ್ಟವಿರುವುದು ಸಂಧಿಯಲ್ಲಿ. ಭಿನ್ನ ವಸ್ತುಗಳು ಶಾಖಕ್ಕೆ ಭಿನ್ನವಾಗಿ ಹಿಗ್ಗುತ್ತವೆ. ತಣಿಯುವಾಗ ಪದರಗಳು ಸೊಟ್ಟಗಾಗಬಹುದು, ಕಿತ್ತು ಬರಲೂಬಹುದು. ಕಿರಣ ಮಂದವಾದರೆ ವಿದ್ಯುತ್ತು ಹರಿಯದು. ಪ್ರಖರವಾದರೆ ಒಡಲೇ ಸುಟ್ಟೀತು. ಗಣಕಯಂತ್ರದಲ್ಲಿ ಚಿತ್ರ ಬರೆಯುವುದರಿಂದ ರೂಪ ಸಿದ್ಧಿಸುತ್ತದೆ; ಕಾರ್ಯ ಸಿದ್ಧಿಸಬೇಕಾದರೆ ವಸ್ತುವಿನ ಸ್ವಭಾವವನ್ನು ಅರಿತಿರಬೇಕು.

ಆದುದರಿಂದ ಶಾಲೆಗೆ ಒಂದು ಯಂತ್ರವನ್ನು ದಾನವಾಗಿ ತಂದಿರಿಸಿದ ಮಾತ್ರಕ್ಕೆ ವಿದ್ಯೆ ಬಂದಂತಾಗದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಚಿತ್ರಕಲೆ, ಕೈಕೆಲಸ ಇವುಗಳನ್ನು ಬೇರೆ ಬೇರೆ ಗಂಟೆಗಳಲ್ಲಿ ಕಲಿಸುವ ಅಧ್ಯಾಪಕರು ಆ ಯಂತ್ರದ ಮುಂದೆ ಒಂದಾಗಿ ನಿಲ್ಲಬೇಕು. ಅರಿವನ್ನೂ ಕ್ರಿಯೆಯನ್ನೂ ಬೇರ್ಪಡಿಸದ ಶರಣಪರಂಪರೆಯ ವಿದ್ಯಾಲಯಕ್ಕೆ ಇದು ಅಪರಿಚಿತವಾದ ಪಾಠವೇನೂ ಅಲ್ಲ.