ಬೂದಿದಿಬ್ಬಗಳಲ್ಲಿ ಉಳಿದ ಪಶುಪಾಲನೆಯ ಕುರುಹು

ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಆಂಧ್ರ, ತೆಲಂಗಾಣದ ಭಾಗಗಳಲ್ಲಿಯೂ ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ಕಂಡುಬಂದಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ಚಿತೆಯ ಬೂದಿಯೆಂಬುದು ಜನರ ನಂಬಿಕೆ. ವಿದ್ವಾಂಸರ ಊಹೆಗಳೂ ಇದಕ್ಕಿಂತ ಕಡಿಮೆ ವಿಚಿತ್ರವಾಗಿರಲಿಲ್ಲ. ಜ್ವಾಲಾಮುಖಿಯ ಶೇಷ, ಲೋಹ ಕರಗಿಸಿದ ಕಿಟ್ಟ, ಸಾಮೂಹಿಕ ದಹನದ ಅವಶೇಷ ಎಂಬ ವಾದಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದನ್ನೊಂದು ಹಿಂಬಾಲಿಸಿದವು. ಇದು ಸುಟ್ಟ ಸಗಣಿಯೆಂದು ಸರಿಯಾಗಿ ಗುರುತಿಸಿದವರು ರಾಬರ್ಟ್ ಬ್ರೂಸ್ ಫೂಟ್.

ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ ಸಗಣಿಯಿಂದ ಹೇಗೆ ಬಂದೀತು? ಹುಲ್ಲು ಬೇರಿನ ಮೂಲಕ ಮಣ್ಣಿನ ಸಿಲಿಕಾವನ್ನು ಹೀರಿ ತನ್ನ ಜೀವಕೋಶಗಳಲ್ಲಿ ಶೇಖರಿಸುತ್ತದೆ. ಆ ಕಣಗಳು ಕೋಶದ ಆಕಾರವನ್ನೇ ತಾಳುತ್ತವೆ. ದನದ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾದರೂ ಈ ಕಣಗಳು ಜೀರ್ಣವಾಗದೆ ಸಗಣಿಯೊಡನೆ ಹೊರಬೀಳುತ್ತವೆ. ಸಗಣಿ ಸುಟ್ಟರೆ ಬೂದಿಯಲ್ಲಿ ಉಳಿಯುತ್ತವೆ. ಉರಿ ಅತಿ ತೀವ್ರವಾದರೆ ಬೂದಿಯ ಕ್ಷಾರದೊಡನೆ ಬೆರೆತು ಕರಗಿ ಗಾಜಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಕಣಗಳನ್ನು ನೋಡಿ ಪ್ರಾಣಿ ಮೇಯ್ದ ಹುಲ್ಲಿನ ಜಾತಿಯನ್ನು ಊಹಿಸಬಹುದು. ಎಲುಬು ಪ್ರಾಣಿಯ ಗುರುತನ್ನು ಹೇಳಿದರೆ ಸಗಣಿ ಅದರ ಮೇವನ್ನು ಹೇಳುತ್ತದೆ.

ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಉತ್ನೂರಿನ ದಿಬ್ಬವನ್ನು ಅಗೆದಾಗ ಕಂಬ ನೆಟ್ಟು ಕಟ್ಟಿದ ದೊಡ್ಡಿಯ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ದೊರೆತವು. ಸಗಣಿ ಶೇಖರವಾಗುವುದು, ಸುಡುವುದು, ದೊಡ್ಡಿಯನ್ನು ಮತ್ತೆ ಕಟ್ಟುವುದು ಹಲವು ಬಾರಿ ನಡೆದಿತ್ತು. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವಂತಹ ಆಚರಣೆಗಳನ್ನು ಅವರು ಈ ಬೆಂಕಿಗೆ ಹೋಲಿಸಿದರು. ಹೋಲಿಕೆ ಆಕರ್ಷಕ, ಆದರೆ ಕ್ರಿ.ಪೂ. 3000ದಿಂದ 1200ರ ನಡುವಣ ಜನರಿಗೂ ಇಂದಿನ ಹಬ್ಬಕ್ಕೂ ನಡುವಿನ ಅಂತರವನ್ನು ಜಾನಪದ ವಿದ್ಯಾರ್ಥಿಗಳು ಮರೆಯಬಾರದು. ತುರುಗೋಳಿನ ವೀರಗಲ್ಲುಗಳನ್ನು ಈ ದಿಬ್ಬಗಳೊಡನೆ ನೇರವಾಗಿ ಜೋಡಿಸುವುದೂ ಅವಸರವೇ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನವು ಚಿತ್ರವನ್ನು ಬದಲಿಸಿತು. ಅಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ವಸತಿಯಿತ್ತು; ದನಗಳನ್ನು ಕಡಿದು ಮಾಂಸ ಬೇರ್ಪಡಿಸಿದ ನೆಲವೂ ಸಿಕ್ಕಿತು. ದಿಬ್ಬಗಳು ಅಲೆಮಾರಿಗಳ ತಾತ್ಕಾಲಿಕ ತಂಗುದಾಣಗಳು ಮಾತ್ರವೆಂಬ ಕಲ್ಪನೆ ಇದರಿಂದ ಸಡಿಲಗೊಂಡಿತು. ಅದೇ ಸಂಸ್ಕೃತಿಯ ಇತರ ನೆಲೆಗಳಲ್ಲಿ ಹುರುಳಿ, ಹೆಸರು, ಕಿರುಧಾನ್ಯಗಳ ಕಾಳುಗಳೂ ದೊರೆತಿವೆ. ದನ ಕಾಯ್ದವರ ನಾಡಿನಲ್ಲಿ ಬೇಸಾಯವೂ ಇತ್ತು.

ಹಾಗಾದರೆ ಗೊಬ್ಬರವಾಗಬೇಕಿದ್ದ ಸಗಣಿಯನ್ನು ಸುಟ್ಟದ್ದೇಕೆ? ದೊಡ್ಡಿಯ ಕಸ ತೆಗೆಯಲೆಂದೂ ಆಚರಣೆಗೆಂದೂ ವಾದಗಳಿವೆ, ಎರಡೂ ಒಟ್ಟಿಗಿದ್ದಿರಬಹುದು. ಉತ್ತರ ಸಿಗಬೇಕಾದರೆ ಪದರಗಳು ಕಲಕದೆ ಉಳಿದಿರಬೇಕು. ಆದರೆ ಅನೇಕ ದಿಬ್ಬಗಳ ಬೂದಿ ಈಗಾಗಲೇ ಗೊಬ್ಬರವಾಗಿ ಸುತ್ತಲಿನ ಹೊಲಗಳನ್ನು ಸೇರಿದೆ.